ಚಲಪತಿ ಆರಿಸಿದ ದೀಪ

ಹೊಸೂರು ಕಡೆಯ ತಳಿ ರಸ್ತೆಯ ಮೆಕ್ಯಾನಿಕ್ ಚಲಪತಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಮೀಟರಿನಲ್ಲಿ ಇಂಜಿನ್ನಿನ ಹಳದಿ ದೀಪ ಹತ್ತಿಸಿಕೊಂಡು ಬಂದ ಕಾರಿಗೆ ಸ್ಕ್ಯಾನರ್ ಚುಚ್ಚಿ, ದೋಷದ ಕೋಡ್ ಓದುತ್ತಿದ್ದ. ಗಿರಾಕಿಗೆ ರಿಪೇರಿ ಮಾಡಿಸುವಷ್ಟು ಪುರುಸೊತ್ತಿಲ್ಲದಿದ್ದರೆ ಕೋಡ್ ಅಳಿಸಿ ಕಳಿಸಿಬಿಡುತ್ತಿದ್ದ. ದೀಪ ಆರುತ್ತಿತ್ತು, ಕಾಯಿಲೆ ಮಾತ್ರ ಒಳಗೆ ಹಾಗೇ ಕೂತಿರುತ್ತಿತ್ತು. ಸುತ್ತಲಿನ ಶೆಡ್ಡಿನವರೆಲ್ಲ ಮಾಡುವುದೂ ಅದನ್ನೇ, ಇವನೊಬ್ಬನೇ ಏನು ಮಹಾಪಾಪಿಯಲ್ಲ ಬಿಡಿ.

ಮೂರು ತಿಂಗಳ ಹಿಂದೆ ನಾಟ್ರಾಂಪಾಳ್ಯದ ಮುನೀಶನ ಕಾರಿಗೂ ಹಾಗೇ ಮಾಡಿದ್ದ. ಇಂಜಿನ್ನಿನ ಸುತ್ತು ಎಣಿಸುವ ಸೆನ್ಸರ್ ಸಾಯುತ್ತಿದೆ ಎಂದು ಕೋಡ್ ಸಾರಿ ಹೇಳಿತ್ತು. ತಂಗಿ ಮಗುವಿನ ನಾಮಕರಣಕ್ಕೆ ಹೊತ್ತಾಯಿತೆಂದು ಮುನೀಶನದು ಒಂದೇ ಅವಸರ. "ಸೋಮವಾರ ಬಾಪ್ಪ, ಹೊಸೂರಿಂದ ಸೆನ್ಸರ್ ತರುಸ್ತೀನಿ" ಎಂದು ಚಲಪತಿ ದೀಪ ಆರಿಸಿ ಕಳಿಸಿದ. ಮುನೀಶನಿಗೆ ಸೋಮವಾರ ಬರಲೇ ಇಲ್ಲ. ಅಂದೇ ಅಂಚೆಟ್ಟಿ ದಾಟಿದ ಮೇಲೆ ಇಳಿಜಾರಿನ ತಿರುವಿನಲ್ಲಿ ಕಾರು ಹಳ್ಳಕ್ಕೆ ಬಿತ್ತು.

ಅಂದಿನಿಂದ ಚಲಪತಿ ಕಣ್ಣು ಮುಚ್ಚಿದರೆ ಸಾಕು, ಆ ಹಳದಿ ದೀಪ. ತಟ್ಟೆಯಲ್ಲಿ ಸಾರಿನ ಮೇಲೆ ಎಣ್ಣೆ ಹೊಳೆದರೂ ಜೀವ ಝಲ್ಲೆನ್ನುತ್ತಿತ್ತು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಇವತ್ತು ಬೆಳಿಗ್ಗೆ ಅದೇ ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆದು ತಂದರು. ಬಾಗಿಲು ಹೊಸದು, ಬಣ್ಣ ಹೊಸದು. ಹಿಂದಿನ ಗಾಜಿನ ಮೇಲೆ ಮುನೀಶ ಅಂಟಿಸಿದ್ದ ಮಗಳು ಸಿಂಚನಾಳ ಹೆಸರು ಹಾಗೇ ಇತ್ತು. ಜೊತೆಗೆ ಅವನ ಹೆಂಡತಿ ನಾಗವೇಣಿ ಬಂದಿದ್ದಳು.

"ನಿಮ್ ಕಾರ್ಡು ಗಾಡೀಲಿ ಸಿಕ್ತು ಅಣ್ಣ. ಇದನ್ನ ಮಾರ್ಬೇಕು. ಲೈಟ್ ಹತ್ಕೊಂಡೈತೆ, ನೋಡಿ."

ಚಲಪತಿ ಸ್ಕ್ಯಾನರ್ ಚುಚ್ಚಿದ. ಅದೇ ಕೋಡ್. ದೋಷ ಕಾಣಿಸಿದ ಗಳಿಗೆಯಲ್ಲಿ ಕಾರು ಎಷ್ಟು ವೇಗದಲ್ಲಿತ್ತು ಎಂಬುದೂ ಅದರೊಳಗೆ ಉಳಿದಿರುತ್ತದೆ. ಅಂದು ಆ ಇಳಿಜಾರಿನಲ್ಲಿ ಇಪ್ಪತ್ತೆಂಟು ಕಿಲೋಮೀಟರ್. ಸತ್ತವನು ಪಕ್ಕದ ಸೀಟಿನಲ್ಲಿ ಕೂತು ಉಸಿರಾಡಿದಂತಾಯಿತು.

"ಅವ್ರು ಎಷ್ಟು ಸ್ಪೀಡಲ್ಲಿದ್ರು ಅಂತ ಅದ್ರಲ್ಲಿ ಗೊತ್ತಾಯ್ತದಾ?" ಎಂದಳು ನಾಗವೇಣಿ, ಸ್ಕ್ಯಾನರಿನ ಪರದೆಗೆ ಬಗ್ಗಿ. "ಕುಡ್ದು ಜೋರಾಗಿ ಓಡ್ಸವ್ನೆ ಅಂತ ಊರೆಲ್ಲ ಆಡ್ಕೊಂತಾರೆ. ನಮ್ಮತ್ತೇನೂ ನಂಬ್ಬುಟ್ಟವ್ರೆ. ಮಗು ಸ್ಕೂಲಿಂದ ಅಳ್ತಾ ಬತ್ತದೆ."

ಒಂದು ಗುಂಡಿ ಒತ್ತಿದರೆ ಕೋಡೂ ಹೋಗುತ್ತಿತ್ತು, ಇಪ್ಪತ್ತೆಂಟೂ ಹೋಗುತ್ತಿತ್ತು, ಚಲಪತಿ ಬಚಾವಾಗುತ್ತಿದ್ದ. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಅಂದು ಹಿಂದೆಮುಂದೆ ನೋಡದೆ ಒತ್ತಿದ ಹಾಳು ಬೆರಳು ಇವತ್ತು ಏನು ಮಾಡಿದರೂ ಒತ್ತಲೊಲ್ಲದು.

"ಇಪ್ಪತ್ತೆಂಟು ಕಣಮ್ಮ. ನಿಧಾನಕ್ಕೇ ಇಳೀತಿದ್ದ. ಇಂಜಿನ್ ಆಫ್ ಆಗಿ ಸ್ಟೇರಿಂಗು ಬ್ರೇಕು ಎರಡೂ ಬಿಗಿಯಾಗ್ಬುಟ್ಟವೆ. ಹಿಂಗಾಯ್ತದೆ ಅಂತ ಮೊದ್ಲೇ ಲೈಟ್ ಹತ್ತಿತ್ತು. ಅದನ್ನ ಆರ್ಸಿ ಕಳ್ಸಿದ್ದು ನಾನೇ."

ನಾಗವೇಣಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಳೆ ಟೈರಿನ ಮೇಲೆ ಕೂತು "ಇಪ್ಪತ್ತೆಂಟು" ಎಂದು ಎರಡು ಸಲ ತನಗೇ ಹೇಳಿಕೊಂಡಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು.

"ಅದನ್ನ ಅಳಿಸ್ಬೇಡಿ. ಈಗ ಹೇಳಿದ್ನ ನಮ್ಮನೇಗ್ ಬಂದು ಹೇಳಿ. ನಮ್ಮತ್ತೆ ಮುಂದೆ, ನನ್ ಮಗಳ ಮುಂದೆ."

ಚಲಪತಿ ಶೆಡ್ಡಿಗೆ ಬೀಗ ಹಾಕಿ ಅವಳ ಜೊತೆ ಬಸ್ಸು ಹತ್ತಿದ. ಮೂರು ತಿಂಗಳಿಂದ ಅವನು ಆ ದಾರಿಗೆ ತಲೆ ಹಾಕಿರಲಿಲ್ಲ. ಅಂಚೆಟ್ಟಿ ದಾಟಿ ಬಸ್ಸು ಇಳಿಜಾರಿಗೆ ತಿರುಗಿದಾಗ ನಾಗವೇಣಿ ಕಿಟಕಿಯಾಚೆ ಕೈ ತೋರಿಸಿ, "ಇಲ್ಲೇ" ಎಂದಳು. ಕಣ್ಣು ಮುಚ್ಚಿಕೊಳ್ಳೋಣವೆಂದರೆ ಒಳಗೆ ಆ ದೀಪ ಕಾದಿತ್ತು. ಅವನು ಕಣ್ಣು ಬಿಟ್ಟುಕೊಂಡೇ ಕೂತ.