ಹಳದಿಗೆ ಎದುರಾದ ಗೋಡೆ

ಮಥುರಾಬಾಯಿ ತನ್ನ ಪಾಲಿನ ಗೋಡೆಗೆ ಹಳದಿ ಬಳಿಸಿದ ದಿನದಿಂದ ಕಾವೇರಿಬಾಯಿಗೆ ಅಂಗಳಕ್ಕೆ ಬರಲು ಮನಸ್ಸಾಗುತ್ತಿರಲಿಲ್ಲ. ಭಾಲ್ಕಿಯ ಆ ಮನೆ ಅಣ್ಣತಮ್ಮಂದಿರಲ್ಲಿ ಎರಡು ಪಾಲಾಗಿತ್ತು. ಮುಂದಿನ ಗೋಡೆ ಮಾತ್ರ ಒಂದೇ ಸಾಲಿನದು, ನಡುವೆ ಒಂದೇ ಗೇಟು. ಅಣ್ಣತಮ್ಮಂದಿರು ಸಂಜೆಗೆ ಕೂಡಿಯೇ ಚಹಾ ಕುಡಿಯುತ್ತಿದ್ದರು. ಮಾತು ಬಿಟ್ಟವರು ಅವರ ಹೆಂಡಂದಿರು.

ಕಾರಣ ಒಂದು ಸೀರೆ. ಮಗನ ಮದುವೆಯಲ್ಲಿ ಮಥುರಾಬಾಯಿ ಬೀಗರ ಹೆಂಗಸರಿಗೆಲ್ಲ ಕೆಂಪು, ಹಸಿರು ಉಡಿಸಿ, ಸ್ವಂತ ನೆಗೆಣ್ಣಿ ಕಾವೇರಿಬಾಯಿಗೆ ಕೊನೆಗೆ ಉಳಿದ ಬೂದಿ ಬಣ್ಣದ್ದು ಕೊಟ್ಟಿದ್ದಳು. "ನಿನಗೇನವಾ, ಯಾವುದಾದ್ರೂ ನಡೀತದ" ಎಂದಿದ್ದಳು. ಸೀರೆ ಕಪಾಟಿನಲ್ಲಿತ್ತು, ಮಾತು ಕಾವೇರಿಬಾಯಿಯ ಎದೆಯಲ್ಲಿ. ತನಗೆ ಯಾವುದಾದರೂ ನಡೆಯುವುದಿಲ್ಲ ಎಂದು ಭಾಲ್ಕಿಗೆಲ್ಲ ಕಾಣುವಂತೆ ತೋರಿಸಬೇಕಿತ್ತು. ಅದಕ್ಕೆ ಗೋಡೆಗಿಂತ ಒಳ್ಳೆಯ ಜಾಗ ಯಾವುದಿದೆ?

ಬೀದರಿನಲ್ಲಿ ಬೊಟಿಕ್ ನಡೆಸುವ ಮಗಳು ಮುಕ್ತಾ ಬಂದಾಗ ಮೊಬೈಲಿನಲ್ಲಿ ಬಣ್ಣದ ಚಕ್ರವೊಂದನ್ನು ತೆರೆದಳು.

"ಅವ್ವಾ, ಒಂದು ಬಣ್ಣ ನೀ ಆರಿಸು. ಅದಕ್ಕ ಹೊಂದೋ ಬಣ್ಣ ಎಲ್ಲಾ ಇದೇ ತೋರಸ್ತದ. ನಿನಗ ಯಾವ ಬಣ್ಣ ಇಷ್ಟ?"

ಕಾವೇರಿಬಾಯಿ ಗಲಿಬಿಲಿಗೊಂಡಳು. ಗಂಡನ ಅಂಗಿಗೆ ಯಾವುದು ಒಪ್ಪುತ್ತದೆ, ಅತ್ತೆಗೆ ಯಾವುದು ಸೇರುತ್ತಿರಲಿಲ್ಲ, ಎಲ್ಲ ಗೊತ್ತಿತ್ತು. ತನ್ನದನ್ನು ಹುಡುಕಿದರೆ ಒಳಗೆ ಏನೂ ಸಿಗಲಿಲ್ಲ. ಕಿಟಕಿಯಾಚೆ ಹಳದಿ ಕಂಡಿತು.

"ಆ ಹಳದಿ ಹಾಕು."

"ದೊಡ್ಡವ್ವನ ಹಳದಿ?"

"ಹೂಂ. ಅದಕ್ಕ ಪೂರಾ ಎದುರ ಯಾವ ಬಣ್ಣ ಅದ, ಅದು ತೆಗಿ. ಬಾಗಲ ತೆಗೆದ್ರ ಆಕಿ ಕಣ್ಣಿಗಿ ಚುಚ್ಚಬೇಕು."

ಮುಕ್ತಾ ಚಕ್ರದ ಆಚೆ ತುದಿಗೆ ಬೆರಳಿಟ್ಟಳು. ಅಗಸೆ ಹೊಲ ಹೂಬಿಟ್ಟಾಗಿನಂಥ ನೀಲಿ. "ಇದಕ್ಕಿಂತ ಎದುರ ಯಾವುದೂ ಇಲ್ಲವ್ವಾ" ಎಂದು ಮುಖ ಆಚೆ ತಿರುಗಿಸಿದಳು. ಅವಳು ನಗುತ್ತಿದ್ದುದು ತಾಯಿಗೆ ಕಾಣಲಿಲ್ಲ.

ಬಣ್ಣ ಬಳಿಯಲು ಬಂದ ಉಸ್ಮಾನ ಮಿಯಾ ಏಣಿ ಏರಿ ನಿಟ್ಟುಸಿರುಬಿಟ್ಟ. "ಅಕ್ಕೋರೇ, ಆ ಹಳದಿ ಮ್ಯಾಲ ಒಂದ ಹನಿ ನೀಲಿ ಬಿದ್ರ ದೊಡ್ಡ ಅಕ್ಕೋರು ನನ್ನ ಜೀವ ತಿಂತಾರ‍್ರಿ."

"ಬೀಳದಂಗ ಹಚ್ಚು."

ಬಣ್ಣ ಒಣಗಿದ ಮೇಲೆ ಕಾವೇರಿಬಾಯಿ ತನ್ನ ಗೆಲುವು ನೋಡಲು ರಸ್ತೆಗಿಳಿದಳು. ನೋಡುತ್ತ ನಿಂತೇಬಿಟ್ಟಳು. ನೀಲಿಯ ಪಕ್ಕದಲ್ಲಿ ಹಳದಿ ದೀಪ ಹಚ್ಚಿದಂತಿತ್ತು, ಹಳದಿಯಿಂದ ನೀಲಿಗೆ ಆಳ ಬಂದಿತ್ತು. ಔರಾದಿಗೆ ಹೊರಟ ಬಸ್ಸಿನ ಹೆಂಗಸರು ಕಿಟಕಿಯಿಂದ ಕತ್ತು ಚಾಚಿದರು. ಮಧ್ಯಾಹ್ನಕ್ಕೆ ಔರಾದಿನಿಂದ ನಾದಿನಿಯ ಫೋನು.

"ಇಬ್ರೂ ಕೂಡಿದ್ರಂತಲ್ಲ ವೈನಿ! ದೊಡ್ಡ ವೈನಿ ಬಣ್ಣಕ್ಕ ಮ್ಯಾಚಿಂಗ್ ಹಚ್ಚೀಯಂತ!"

ಕಾವೇರಿಬಾಯಿ ಮಗಳ ಮೇಲೆ ಹರಿಹಾಯ್ದಳು. "ಎದುರ ಅಂದಿದ್ನಲ್ಲ ನಾ?"

"ಎದುರಿಂದೇ ಅವ್ವಾ. ಎದುರ ಬಣ್ಣಾನೇ ಎಲ್ಲಕ್ಕಿಂತ ಛಂದ ಹೊಂದತಾವ. ನಾ ಏನ ಮಾಡ್ಲಿ?"

ಕಾವೇರಿಬಾಯಿಗೆ ಬೇರೆಯೇ ಒಂದು ಮುಳ್ಳು ಚುಚ್ಚಿತು. ಜೀವಮಾನದಲ್ಲಿ ಮೊದಲ ಸಲ ಒಬ್ಬರು ನಿನ್ನ ಬಣ್ಣ ಯಾವುದು ಎಂದು ಕೇಳಿದ್ದರು. ತಾನು ನೆಗೆಣ್ಣಿಯದನ್ನು ಹೇಳಿದ್ದಳು.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಮಗನ ಮದುವೆಯ ನಂತರ ಮೊದಲ ಸಲ ಮಥುರಾಬಾಯಿ ಈ ಕಡೆಗೆ ಕಾಲಿಟ್ಟಿದ್ದಳು.

"ಯಾಕ ಕಾವೇರಿ, ನನ್ನ ಹಳದಿ ಮ್ಯಾಲ ನೀ ಹೆಸರ ಮಾಡ್ಲಿಕತ್ತೀ?"

"ನನ್ನ ನೀಲಿ ಬರೋತನಕ ನಿಮ್ಮ ಹಳದಿ ಯಾರ ನೋಡಿದ್ರು ಅಕ್ಕಾ?"

ಇಬ್ಬರೂ ಸೊಂಟಕ್ಕೆ ಕೈಯಿಟ್ಟು ಗೋಡೆ ನೋಡಿದರು. ಅಲ್ಲಿ ಜಗಳಕ್ಕೆ ಜಾಗವೇ ಸಿಗಲಿಲ್ಲ. ಮಥುರಾಬಾಯಿಯ ಕಣ್ಣು ನಡುವಿನ ತುಕ್ಕು ಹಿಡಿದ ಗೇಟಿನ ಮೇಲೆ ಬಿತ್ತು. "ಇದೊಂದು ಎಲ್ಲಾ ಹಾಳ ಮಾಡ್ಲಿಕತ್ತದ. ಫೋನಿನ್ಯಾಗ ಬಣ್ಣ ಆರಿಸ್ತೀರಂತಲ್ಲ, ಎಲ್ಲಿ ಅದು?"

ಮುಕ್ತಾ ಚಕ್ರ ತೆರೆದು ಕೊಟ್ಟಳು. ಮಥುರಾಬಾಯಿಯ ದಪ್ಪ ಬೆರಳು ತಪ್ಪಿ ನಡುವಿನ ಬೂದಿಯನ್ನು ಒತ್ತಿತು. ಪರದೆಯ ಮೇಲೆ ಸಾಲಾಗಿ ಬೂದಿ, ಬೂದಿ, ಬೂದಿ.

"ಇದೇನ? ಬೂದಿಗಿ ಜೋಡಿನೇ ಇಲ್ಲ?"

"ಅದಕ್ಕ ಅಕ್ಕಾ," ಎಂದಳು ಕಾವೇರಿಬಾಯಿ, "ಆ ಸೀರಿಗಿ ಇವತ್ತಿಗೂ ಜಂಪರ್ ಸಿಕ್ಕಿಲ್ರಿ."

ಮಥುರಾಬಾಯಿ ಫೋನನ್ನು ನೆಗೆಣ್ಣಿಯ ಕೈಗಿಟ್ಟಳು. "ತಗೋ. ನಿನಗ ಯಾವ ಬಣ್ಣ ಬೇಕು, ನೀನೇ ಹೇಳು."

ಕಾವೇರಿಬಾಯಿ ಮೆಟ್ಟಿಲ ಮೇಲೆ ಆರಾಮಾಗಿ ಕೂತಳು. "ತಡೀರಿ, ವಿಚಾರ ಮಾಡ್ತೇನಿ."

"ಲಗೂ ಮಾಡು! ಉಸ್ಮಾನ ಮಿಯಾ ಏಣಿ ಹೊತ್ಕೊಂಡು ಹೊಂಟಾನ!"

"ಹೋಗ್ಲಿ ಬಿಡ್ರಿ. ನಾಳಿ ಬರ್ತಾನ" ಎಂದು ಕಾವೇರಿಬಾಯಿ ಚಕ್ರವನ್ನು ಮೆಲ್ಲಗೆ ತಿರುಗಿಸತೊಡಗಿದಳು.