ನಾಕ ಮಂದಿ

ಲಾರಿಯ ಗಾಲಿಯ ಮೇಲೆ ಇಟ್ಟಿದ್ದ ಕಾಲನ್ನು ಯಮನೂರಪ್ಪ ಹಿಂದಕ್ಕೆ ತೆಗೆದ. ಎಷ್ಟು ಮಾಳಿಗೆಯ ಕೆಲಸ ಎಂದು ಡ್ರೈವರನನ್ನು ಕೇಳಿದ್ದ; ಅವನು ಮೂರು ಎಂದಿದ್ದ. ಆಗಲೇ ಬುಟ್ಟಿ ಸಮೇತ ಏರಿ ಕೂತಿದ್ದ ಹೆಂಡತಿ ಫಕೀರವ್ವ ಕೆಳಗಿಳಿದಳು. ಅವಳಿಗೆ ಇದು ರೂಢಿ.

ಕೊಂಕಣಿ ಸೀಮೆಯ ಸಾಂಕೋಲೆಯ ಆ ಕೂಡುರಸ್ತೆಯಲ್ಲಿ ಉಳಿದ ಕೂಲಿಯವರು ಬಂದ ಗಾಡಿ ಹತ್ತುತ್ತಿದ್ದರು. ಯಮನೂರಪ್ಪ ಮಾತ್ರ ಪ್ರತಿ ಗಾಡಿಯ ಎದುರೂ ನಿಂತು ಯೋಚಿಸುತ್ತಿದ್ದ: ಇದನ್ನು ಹತ್ತಿದರೆ ಆಗಬಹುದಾದ ಅತಿ ಕೆಟ್ಟದ್ದು ಏನು? ಎತ್ತರವಾದರೆ ಬೀಳಬಹುದು. ಬಂದರವಾದರೆ ಮೂಟೆ ಮೈಮೇಲೆ ಬರಬಹುದು. ಉಸಗಾಂವದ ಗಣಿಯಾದರೆ ಗುಡ್ಡವೇ ಬರಬಹುದು. ಎಲ್ಲ ತೂಗಿ ನೋಡಿದರೆ ಜಗತ್ತಿನಲ್ಲಿ ಅಪಾಯವಿಲ್ಲದ್ದು ಚಹಾದಂಗಡಿಯ ಬೆಂಚು ಒಂದೇ. ವಾರದಲ್ಲಿ ಮೂರು ದಿನ ಅವನು ಅಲ್ಲೇ ಸುರಕ್ಷಿತವಾಗಿರುತ್ತಿದ್ದ.

ಎಂಬತ್ತೇಳರ ಮೇ ತಿಂಗಳು. ಮಳೆಗಾಲಕ್ಕೆ ಎಂಟೇ ದಿನ. ಗುಡಿಸಲಿನ ತಾಡಪತ್ರಿ ಹೋದ ವರ್ಷವೇ ಹರಿದಿತ್ತು. ಕಂಪೌಂಡ್ ಕಟ್ಟಿಸುವ ಕಂತ್ರಾಟದಾರನೊಬ್ಬ ಜೀಪಿನಲ್ಲಿ ಬರುತ್ತಾನೆ, ಮಳೆಗಾಲವಿಡೀ ಇರಲು ತಗಡಿನ ಖೋಲಿ ಕೊಡುತ್ತಾನೆ ಎಂದು ಗೆಳೆಯ ಅಮೀನಪ್ಪ ಸುದ್ದಿ ತಂದಿದ್ದ. ಎದೆಯೆತ್ತರದ ಗೋಡೆ. ಬಿದ್ದರೂ ನಗು ಬರುವಷ್ಟೇ ಎತ್ತರ. ಅದಕ್ಕಾಗಿ ಯಮನೂರಪ್ಪ ಇನ್ನೆರಡು ಲಾರಿ ಬಿಟ್ಟ. ಅಮೀನಪ್ಪನನ್ನೂ ಅವನ ಹೆಂಡತಿ ಹುಲಿಗೆವ್ವನನ್ನೂ ಹತ್ತಗೊಡಲಿಲ್ಲ.

“ಜೀಪು ಬರದಿದ್ದರ?” ಎಂದಳು ಫಕೀರವ್ವ.

“ಬರ್ತದ. ಸುಮ್ಕ ನಿಂದ್ರು.”

ಬಂತು. ಕಂತ್ರಾಟದಾರ ಕೆಳಗಿಳಿಯದೆ ಕೊಂಕಣಿಯಲ್ಲಿ, ಖೋಲಿ ಇದೆ, ಎಷ್ಟು ಜನ ಎಂದು ಕೇಳಿದ. ಕಾದದ್ದು ಕಣ್ಣೆದುರು ನಿಂತ ಖುಷಿಯಲ್ಲಿ ಯಮನೂರಪ್ಪನ ಬಾಯಿಗೆ ಊರ ಮಾತೇ ಬಂತು.

“ನಾಕ.”

ಕಂತ್ರಾಟದಾರ ತಲೆಯಾಡಿಸಿ ಜೀಪನ್ನು ರಸ್ತೆಯ ಆಚೆ ಬದಿಗೆ ತಿರುಗಿಸಿದ. ಅಲ್ಲಿ ಇನ್ನೊಬ್ಬ ಕೂಲಿಯವ ಮಲಂಗಸಾಬ ತನ್ನ ಮನೆಮಂದಿಯೊಂದಿಗೆ ನಿಂತಿದ್ದ.

“ಇಲ್ಲಿ ಮಂದಿಗೆ ನಾಕಾ ಅಂದ್ರ ಬ್ಯಾಡ ಅಂತ,” ಎಂದಳು ಫಕೀರವ್ವ. “ಆರು ವರ್ಸ ಆತು ಬಂದು, ಗೊತ್ತಿಲ್ಲೇನ್ರಿ? ದಿನಾ ಕನ್ನಡದಾಗ ಬ್ಯಾಡ ಅಂತಿದ್ರಿ. ಇವತ್ತ ಕೊಂಕಣ್ಯಾಗ ಅಂದ್ರಿ.”

ಯಮನೂರಪ್ಪ ಓಡಿದ. ಅತ್ತಿತ್ತ ನೋಡದೆ ರಸ್ತೆ ದಾಟಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಜೀಪಿನ ಬಾಗಿಲು ಹಿಡಿದು ನಾಲ್ಕು ಬೆರಳು ಎತ್ತಿದ. ಗೋಡೆಯಾದರೂ ಸರಿ, ಮೂರನೆಯ ಮಾಳಿಗೆಯಾದರೂ ಸರಿ, ಬಂದರವಾದರೂ ಸರಿ, ಏನೂ ಕೇಳುವುದಿಲ್ಲ ಎಂದು ತನಗೆ ಬರುವಷ್ಟು ಕೊಂಕಣಿಯಲ್ಲಿ ಹೇಳಿದ. ಹಿಂದೆ ಮಲಂಗಸಾಬನ ಮನೆಯ ಐವರು ಒತ್ತಿಕೊಂಡು ಕೂತಿದ್ದರು. ಕಂತ್ರಾಟದಾರ ಅವನು ಎತ್ತಿದ ಬೆರಳುಗಳನ್ನು ನೋಡಿದ.

“ನಾಕಾ,” ಎಂದ.