ಎಡಗಡೆ ಮೊಳೆಯ ಕೋಟು

ನಮ್ಮ ಕಂಪನಿಯ ಯಜಮಾನರು ಡ್ರ್ಯಾಗನ್. ಇದನ್ನು ಯಾರೂ ಗುಟ್ಟಾಗಿಟ್ಟಿಲ್ಲ, ಕಟ್ಟಡದ ತುದಿಯಿಂದ ದಿನಾ ಬೆಳಿಗ್ಗೆ ಹೊಗೆ ಏಳುವುದು ಊರಿಗೆಲ್ಲ ಕಾಣುತ್ತದೆ. ನಲ್ಲಿಯ ನೀರು ಅವರದು, ದೀಪ ಅವರದು, ಬ್ರೆಡ್ಡು, ಬಸ್ಸು, ಆಸ್ಪತ್ರೆ, ನನ್ನ ಕಾಲಿನ ಚಪ್ಪಲಿ ಎಲ್ಲ ಅವರದು. ಅವರನ್ನು ಬೈಯಬೇಕೆಂದರೂ ಅವರ ಫೋನಿನಲ್ಲೇ ಬೈಯಬೇಕು. ಮನೆಯಲ್ಲಿ ಗಂಡನನ್ನು ‘ನಮ್ಮ ಯಜಮಾನರು’ ಅನ್ನುತ್ತಿದ್ದವಳು ನಾನು, ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಬಿಟ್ಟೆ. ಪಾಪ, ಅವನಿಗೆ ಒಲೆ ಹಚ್ಚುವುದಕ್ಕೂ ನಾಲ್ಕು ಕಡ್ಡಿ ಬೇಕು.

ನನ್ನ ಕೆಲಸ ನೆಲಮಹಡಿಯ ಹೊಲಿಗೆ ಕೋಣೆಯಲ್ಲಿ, ಆಲ್ಟರೇಷನ್. ಕಸ ಗುಡಿಸುವವರಿಂದ ಹಿಡಿದು ದೊಡ್ಡ ಅಧಿಕಾರಿಗಳವರೆಗೆ ಕಂಪನಿಯಲ್ಲಿ ಎಲ್ಲರಿಗೂ ಕೋಟು ಉಂಟು, ಎಲ್ಲ ಕೋಟಿಗೂ ಒಳಗೊಂದು ಬೂದು ಬಣ್ಣದ ಅಸ್ತರು. ಹಾವು ಪೊರೆ ಬಿಡುವ ಹಾಗೆ ಯಜಮಾನರೂ ಬಿಡುತ್ತಾರೆ. ಆ ಪೊರೆಯನ್ನು ಎಳೆ ಬಿಡಿಸಿ, ನೂತು, ನೇಯ್ದ ಬಟ್ಟೆ ಅದು. ಅಧಿಕಾರಿಗಳು ಅದನ್ನು ಗೌರವದ ಗುರುತು ಅಂದುಕೊಂಡಿದ್ದಾರೆ. ಹೊಲಿಯುವವರಿಗೆ ನಿಜ ಗೊತ್ತು. ಯಜಮಾನರಿಗೆ ಕಣ್ಣು ಮಂಜು, ಮೂಗು ಚುರುಕು. ಎದುರಿಗಿರುವವರಲ್ಲಿ ತನ್ನ ಪೊರೆಯ ವಾಸನೆ ಇದ್ದರೆ ತನ್ನದೇ ಮೈ ಅಂದುಕೊಂಡು ಬಿಟ್ಟುಬಿಡುತ್ತಾರೆ. ಇಲ್ಲದಿದ್ದರೆ ತಿನ್ನುತ್ತಾರೆ.

ನಮ್ಮ ಕೋಣೆಯ ಗೋಡೆಗೆ ಎರಡು ಮೊಳೆ. ಬಲಗಡೆಯದಕ್ಕೆ ಬಂದ ಕೋಟಿನ ಸೊಂಟ ಹಿಡಿಸಬೇಕು, ತೋಳು ಗಿಡ್ಡ ಮಾಡಬೇಕು, ಕಿತ್ತುಹೋದ ಗುಂಡಿ ಹಾಕಬೇಕು. ಎಡಗಡೆಯದಕ್ಕೆ ಬಂದ ಕೋಟಿನ ಅಸ್ತರು ಬಿಚ್ಚಿ, ಅದೇ ಬಣ್ಣದ ಸಾದಾ ಬಟ್ಟೆ ಕೂರಿಸಬೇಕು. ಚೀಟಿ ಇಲ್ಲ, ಹೆಸರಿಲ್ಲ. ಬಿಚ್ಚಿದ ಅಸ್ತರನ್ನು ಉಗ್ರಾಣದವನಿಗೆ ಕೊಟ್ಟರೆ ಅವನು ಮೂಸಿ ನೋಡಿ ಬೀಗ ಹಾಕಿಡುತ್ತಾನೆ. ಆ ವಾರವೇ ಕೋಟಿನವರಿಗೆ ಬಡ್ತಿಯಾಗಿ ತುದಿಮಹಡಿಗೆ ಹೋಗುತ್ತಾರೆ, ಅವರ ಮನೆಗೆ ಒಂದು ಹೂಗುಚ್ಛ ಹೋಗುತ್ತದೆ. ನಾವು ಈ ವಿಷಯ ಎತ್ತುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾರ ಕೋಟೆಂದು ತಿಳಿಯದಿದ್ದರೆ ರಾತ್ರಿ ನಿದ್ದೆ ಬರುತ್ತದೆ.

ಈ ಕೆಲಸ ಕೊಡಿಸಿದವಳು ನನ್ನ ನಾದಿನಿ, ಗಂಡನ ತಂಗಿ. ಕೊಡಿಸಿದ್ದನ್ನು ಒಂದು ದಿನವೂ ನಾನು ಮರೆಯಲು ಬಿಟ್ಟವಳಲ್ಲ. ಮೇಲೆ ನೀರಿನ ವಿಭಾಗದಲ್ಲಿ ಅಧಿಕಾರಿ. ಮೂಗಿನ ತುದಿಯಲ್ಲೇ ಕೋಪ. ನಮ್ಮ ಮನೆಗೆ ಬಂದರೆ ಕರ್ಚೀಫಿನಿಂದ ಕುರ್ಚಿ ಒರೆಸಿ ಕೂರುವ ಹೆಣ್ಣು. ಒಂದು ಸಲ ನಮ್ಮ ಬಾಗಿಲ ಚಿಲಕಕ್ಕೆ ಸಿಕ್ಕಿ ಅವಳ ಕೋಟಿನ ಕಾಲರು ಹರಿಯಿತು. ಮನೆಯಲ್ಲಿ ಕಪ್ಪು ದಾರ ಮುಗಿದಿತ್ತು, ಒಳಮಗ್ಗುಲಲ್ಲಿ ಕಾಣುವುದಿಲ್ಲವಲ್ಲ ಅಂತ ಕೆಂಪು ದಾರದಲ್ಲಿ ಹೊಲಿದುಕೊಟ್ಟೆ. ‘ನಿಮ್ಮ ರುಚಿಗೆ ದೊಡ್ಡ ನಮಸ್ಕಾರ ಅತ್ತಿಗೆ’ ಅಂದು ಹೋದವಳು ಎಷ್ಟೋ ದಿನ ಈ ಕಡೆ ತಲೆ ಹಾಕಲಿಲ್ಲ. ನನಗೂ ಹಾಯಾಗಿತ್ತು.

ಒಂದು ಸೋಮವಾರ ಎಡಗಡೆ ಮೊಳೆಗೆ ಒಂದು ಕೋಟು ಬಂದಿತ್ತು. ಮೇಜಿನ ಮೇಲೆ ಹರಡಿ ಕಾಲರು ಮಗುಚಿದೆ. ಕೆಂಪು ದಾರ.

ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಒಳಗೊಳಗೇ ‘ಅನುಭವಿಸಲಿ’ ಅನ್ನಿಸಿತು. ಆಮೇಲೆ ಕತ್ತರಿ ಕೆಳಗಿಟ್ಟೆ. ತಾಯಿಯಿಲ್ಲದ ಆ ಹುಡುಗಿಗೆ ದಿನಾ ತಲೆ ಬಾಚಿ ಜಡೆ ಹಾಕಿ ಶಾಲೆಗೆ ಕಳಿಸಿದವನು ನನ್ನ ಗಂಡ. ಈಗಲೂ ಅವಳು ಬರುತ್ತಾಳೆಂದರೆ ಬಾಗಿಲಲ್ಲೇ ನಿಂತಿರುತ್ತಾನೆ. ಅವನ ಕೈಗೆ ಹೂಗುಚ್ಛ ಬಂದರೆ ನಾನು ಯಾವ ಮುಖ ಇಟ್ಟುಕೊಂಡು ಅನ್ನ ಬಡಿಸಲಿ? ಅವಳು ಜಗಳಗಂಟಿ, ಜಂಬಗಾತಿ, ಎಲ್ಲ ನಿಜ. ಆದರೆ ನಮ್ಮವಳು.

ಮಧ್ಯಾಹ್ನ ಅವಳೇ ಕೆಳಗೆ ಬಂದಳು, ಕಾಲು ನೆಲಕ್ಕೆ ತಾಗದ ಹಾಗೆ. ಬಡ್ತಿಯಂತೆ, ಗುರುವಾರ ಯಜಮಾನರ ಭೇಟಿಯಂತೆ. ತನ್ನ ಕೋಟನ್ನು ಇಸ್ತ್ರಿ ಮಾಡಿಸಲೆಂದು ಮೇಲಿನವರೇ ಇಸಕೊಂಡಿದ್ದಾರೆ, ಹೇಗೂ ಇಲ್ಲಿಗೇ ಬಂದಿರುತ್ತದೆ, ಭುಜದಲ್ಲಿ ಹಿಡಿಯುತ್ತಿದೆ, ಸ್ವಲ್ಪ ಸಡಿಲ ಮಾಡಬೇಕು ಅಂದಳು. ಪಕ್ಕದಲ್ಲೇ ಉಗ್ರಾಣದವನು ನಿಂತಿದ್ದ. ಅವನಿಲ್ಲದಿದ್ದರೂ ನಾನು ಏನು ಹೇಳುವುದಿತ್ತು? ಹೋಗಬೇಡ ಅಂದರೆ ಹೊಟ್ಟೆಕಿಚ್ಚು ಅನ್ನುತ್ತಿದ್ದಳು. ನಂಬಿದರೂ ಓಡುವುದೆಲ್ಲಿಗೆ? ಹತ್ತುವ ಬಸ್ಸೂ ಅವರದೇ. ಆಗಲಿ ಅಂದೆ.

ಅವಳು ಹೋದ ಮೇಲೆ ನನ್ನ ಕೋಟು ಬಿಚ್ಚಿದೆ. ನನ್ನ ಅಸ್ತರು ತೆಗೆದು, ಅಲ್ಲಿಗೆ ಸಾದಾ ಬಟ್ಟೆ ಹಾಕಿಕೊಂಡೆ. ಅವಳ ಅಸ್ತರನ್ನು ಬಿಚ್ಚದೆ ಅಂಚಿಗೆ ಮಾತ್ರ ಹೊಸದಾಗಿ ಹೊಲಿಗೆ ಓಡಿಸಿದೆ, ನೋಡಿದವರು ಬದಲಾಯಿಸಿದ್ದಾರೆ ಅನ್ನಬೇಕು. ಅವಳದೆಂದು ನಾನು ಕೊಟ್ಟ ನನ್ನ ಅಸ್ತರನ್ನು ಉಗ್ರಾಣದವನು ಮೂಸಿದ, ತಲೆಯಾಡಿಸಿದ, ಬೀಗ ಹಾಕಿದ.

ಹೊಲಿಗೆ ಕೋಣೆಯವರು ಯಾರೂ ಮೇಲೆ ಹೋಗುವುದಿಲ್ಲ, ಹಾಗಾಗಿ ಎಂದಿನ ದಿನಗಳಲ್ಲಿ ನನಗೆ ಭಯವಿಲ್ಲ. ಆದರೆ ಶುಕ್ರವಾರ ಕಂಪನಿಯ ವಾರ್ಷಿಕ ದಿನ. ಆ ದಿನ ಯಜಮಾನರೇ ಕೆಳಗಿಳಿದು, ಸಾಲಾಗಿ ನಿಂತ ಒಬ್ಬೊಬ್ಬರನ್ನೂ ಮೂಸಿಕೊಂಡು ಹೋಗುತ್ತಾರೆ. ಅಷ್ಟರೊಳಗೆ ಎಲ್ಲಾದರೂ ಒಂದು ತುಂಡು ಪೊರೆಯ ಬಟ್ಟೆ ಸಿಕ್ಕೀತು ಅಂದುಕೊಂಡೆ. ಮೇಜಿನ ಕೆಳಗೆ, ಕಸದ ಬುಟ್ಟಿಯಲ್ಲಿ, ಮಿಷಿನ್ನಿನ ಸಂದಿಯಲ್ಲಿ ಹುಡುಕಿದೆ. ಒಂದು ಎಳೆಯೂ ಸಿಗಲಿಲ್ಲ.

ಗುರುವಾರ ಅವಳು ಮೇಲೆ ಹೋದಳು. ಆ ದಿನ ನಾನು ಹೊಲಿದದ್ದೆಲ್ಲ ಸೊಟ್ಟ. ಒಂದೇ ತೋಳನ್ನು ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ. ಎಲ್ಲರೂ ಮನೆಗೆ ಹೊರಟ ಮೇಲೆ ಬಾಗಿಲಲ್ಲಿ ನೆರಳು ಕಂಡಿತು. ಹುಬ್ಬಿನ ಕೂದಲು ಸೀದುಹೋಗಿತ್ತು, ತುಟಿ ಒಣಗಿ ಬಿರಿದಿತ್ತು.

“ಭುಜದಲ್ಲಿ ಹಿಡೀತಿದೆ ಅಂದಿದ್ದೆ ಅತ್ತಿಗೆ. ನೀವು ಸರಿ ಮಾಡೇ ಇಲ್ಲ.”

ಅಷ್ಟು ಹೇಳಿ ಅಲ್ಲೇ ಕುಸಿದು ಕೂತಳು. ನೀರು ಕುಡಿಸಿದೆ. ಬಿಟ್ಟುಬಿಟ್ಟು ಹೇಳಿದಳು. ಒಳಗೆ ಹೋದ ಕೂಡಲೇ ಬಾಗಿಲಿಗೆ ಹೊರಗಿನಿಂದ ಅಗುಳಿ ಬಿತ್ತಂತೆ. ಕತ್ತಲೆಯಲ್ಲಿ ಬಿಸಿಗಾಳಿ ಹತ್ತಿರ ಹತ್ತಿರ ಬಂತು. ಮೂತಿ ಎದೆಯ ಹತ್ತಿರ ನಿಂತು ಬಹಳ ಹೊತ್ತು ಮೂಸಿ, ಸಿಟ್ಟಿನಿಂದ ಆ ಕಡೆ ತಿರುಗಿಕೊಂಡಿತು. ಹಿಂದೆ ಸರಿದರೆ ಕಾಲಡಿ ಏನೋ ಕಾಳಿನ ಹಾಗೆ ಉರುಳಿತು, ಬಗ್ಗಿ ಮುಟ್ಟಿದಳು. ಗುಂಡಿಗಳು. ಕಂಪನಿಯ ಕೋಟಿನ ಗುಂಡಿಗಳು, ನೆಲದ ತುಂಬ. ಕೊನೆಗೆ ಬಾಗಿಲು ತೆಗೆದವನ ಕೈಯಲ್ಲಿ ಪೊರಕೆ, ಮೊರ ಇದ್ದವು. ಇವಳನ್ನು ನೋಡಿ ಅವನು ಎರಡನ್ನೂ ಕೆಳಗೆ ಹಾಕಿದನಂತೆ.

ಇನ್ನು ಮುಚ್ಚಿಡುವುದೇನಿತ್ತು? ಎರಡು ಮೊಳೆಯ ಕಥೆಯನ್ನು ನಾನು ಹೇಳಿದೆ. ಅವಳು ಅಳಲಿಲ್ಲ. ಕೈ ಚಾಚಿ ನನ್ನ ಕೋಟಿನ ಒಂದು ಮಗ್ಗುಲು ಮಗುಚಿದಳು. ಸಾದಾ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಮೊದಲಿನ ಹಾಗೇ ಮುಚ್ಚಿ, ಎದ್ದು ಹೋದಳು. ಇಷ್ಟೇನಾ ಅನ್ನಿಸಿತು ನನಗೆ.

ಶುಕ್ರವಾರ ಬೆಳಿಗ್ಗೆ ಗಂಡನಿಗೆ ಬೇಳೆ ಡಬ್ಬಿ ಎಲ್ಲಿದೆ, ಮನೆ ಬೀಗದ ಇನ್ನೊಂದು ಕೀ ಎಲ್ಲಿದೆ ಅಂತ ತೋರಿಸಿದೆ. ಇವತ್ತೇನು ಹೊಸದಾಗಿ ಪಾಠ ಅಂದ. ವಯಸ್ಸಾಯಿತಲ್ಲ, ಕಲಿತುಕೋ ಅಂದೆ. ನಕ್ಕ. ಕೀಯನ್ನು ಅವನ ಅಂಗೈಗೇ ಹಾಕಿ ಹೊರಟೆ.

ಹೊಲಿಗೆ ಕೋಣೆಗೆ ಬಂದರೆ ಅವಳು ನನಗಿಂತ ಮೊದಲೇ ಬಂದು ಕೂತಿದ್ದಾಳೆ. ತನ್ನ ಕೋಟನ್ನು ನನ್ನ ಮೇಜಿನ ಮೇಲೆ ಹಾಕಿಕೊಂಡು, ನನ್ನ ಕತ್ತರಿಯಿಂದ ಅಸ್ತರನ್ನು ನಡುವೆ ಸೀಳುತ್ತಿದ್ದಾಳೆ. ಇಲಿ ಕಡಿದಂತಿತ್ತು ಅವಳ ಕತ್ತರಿಸುವ ಚಂದ. ನಾನು ಕಸಿದುಕೊಳ್ಳಲು ಹೋದರೆ ಕೈ ತಳ್ಳಿದಳು.

“ಅರ್ಧ ಸಾಕಾಗುತ್ತಾ ಅತ್ತಿಗೆ?”

“ಗೊತ್ತಿಲ್ಲ ಕಣೇ. ಇಲ್ಲಿವರೆಗೂ ಯಾರೂ ಅರ್ಧ ಮಾಡಿ ನೋಡಿಲ್ಲ.”

“ಹಾಗಾದ್ರೆ ನೋಡೋಣ. ಬೇಗ ಹೊಲೀರಿ.”

ಎದೆಯ ಭಾಗಕ್ಕೆ ಮಾತ್ರ ಬರುವ ಹಾಗೆ ಇಬ್ಬರ ಕೋಟಿಗೂ ಕೂರಿಸಿದೆ. ದೊಡ್ಡ ಹಾಲಿನಲ್ಲಿ ಅವಳು ಅಧಿಕಾರಿಗಳ ಸಾಲಿಗೆ ಹೋಗಲಿಲ್ಲ, ನನ್ನ ಪಕ್ಕದಲ್ಲಿ ಬಂದು ನಿಂತಳು. ಮೆಟ್ಟಿಲ ಕಡೆಯಿಂದ ಸದ್ದು ಬಂತು. ಗೋಡೆಯ ಸುಣ್ಣ ಉದುರಿತು, ಕಿಟಕಿಯ ಗಾಜುಗಳು ಗುಂಯ್‌ಗುಟ್ಟಿದವು. ಹಿಂದಿನ ದಿನದ ಹಸಿವು ಹಾಗೇ ಇತ್ತು ಅವರಿಗೆ. ಹೊಟ್ಟೆ ಗುರುಗುಟ್ಟುವುದು ಹಾಲಿಗೆಲ್ಲ ಕೇಳುತ್ತಿತ್ತು. ಒಬ್ಬೊಬ್ಬರನ್ನೂ ಮೂಸುತ್ತ ನಮ್ಮ ಸಾಲಿಗೆ ಬಂದು, ನಮ್ಮಿಬ್ಬರ ಮುಂದೆ ನಿಂತರು. ಮೂಸಿದರು. ಮುಂದೆ ಹೋಗಿ, ಮತ್ತೆ ತಿರುಗಿ ಬಂದು ಮೂಸಿದರು. ಜೊಲ್ಲು ನನ್ನ ಪಾದದ ಮೇಲೆ ಬಿತ್ತು, ಕುದಿಯುವ ಎಸರಿನಷ್ಟು ಬಿಸಿ. ನಾದಿನಿಯ ಉಗುರು ನನ್ನ ಅಂಗೈಯೊಳಗೆ ಇಳಿದಿತ್ತು. ನಾನು ಕೂಗಲಿಲ್ಲ, ಅವಳೂ ಕೈ ಬಿಡಲಿಲ್ಲ. ಕೊನೆಗೆ ಯಜಮಾನರು ದೀರ್ಘವಾಗಿ ಉಸಿರು ಬಿಟ್ಟು, ಯಾರನ್ನೂ ಮುಟ್ಟದೆ ಮೇಲೆ ಹತ್ತಿಹೋದರು.

ಗೆದ್ದೆವು ಅಂದುಕೊಂಡೆ. ಹಸಿದವರ ಹೊಟ್ಟೆ ನಾಳೆಗೂ ಇರುತ್ತದೆ ಎಂಬುದನ್ನು ಯೋಚಿಸಲಿಲ್ಲ.

ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ಎಡಗಡೆ ಮೊಳೆ ಭಾರಕ್ಕೆ ಬಾಗಿತ್ತು. ಮೊಳೆಗೆ ಹಿಡಿಸದ ಕೋಟುಗಳು ಕೆಳಗೆ ಜಾರಿ ಗುಡ್ಡೆಯಾಗಿ ಬಿದ್ದಿದ್ದವು, ಒಂದರಲ್ಲೂ ಅಸ್ತರಿಲ್ಲ. ಉಗ್ರಾಣದವನು ಗುಡ್ಡೆಯ ಮುಂದೆ ನಿಂತಿದ್ದ. ಒಂದನ್ನು ಎತ್ತಿ ಮೂಸಿದ, ತೋಳನ್ನು ತನ್ನ ತೋಳಿಗೆ ಹಿಡಿದು ನೋಡಿದ. ಅದು ಅವನದೇ. ಸೊಂಟದಿಂದ ಉಗ್ರಾಣದ ಕೀ ಬಿಚ್ಚಿ ನನ್ನ ಮೇಜಿನ ಮೇಲಿಟ್ಟ. ನಾನು ತಡಮಾಡದೆ ಹೋಗಿ ನೋಡಿದೆ. ಒಳಗಿದ್ದದ್ದು ಮೂಲೆಯಲ್ಲಿ ಕಣ್ತಪ್ಪಿ ಉಳಿದ, ನಾನು ಕೊಟ್ಟ ಅಸ್ತರು ಒಂದೇ. ಉಳಿದದ್ದನ್ನೂ ಈ ಕೋಟುಗಳಿಂದ ಕಿತ್ತದ್ದನ್ನೂ ಮೇಲಿನವರು ತಮ್ಮ ಕೋಟಿಗೆ ಎರಡೆರಡು ಪದರ ಹಾಕಿಸಿಕೊಳ್ಳಲು ರಾತ್ರಿಯೇ ಒಯ್ದಿದ್ದರಂತೆ.

ಇದೊಂದನ್ನೇ ಇಷ್ಟು ಕೋಟಿಗೂ ಹಂಚಬೇಕು. ನಮಗೆ ಅರ್ಧ ಸಾಕಾಯಿತು. ಕಾಲುಭಾಗ ಸಾಕಾದೀತೇ? ಅಂಗೈಯಗಲ? ಯಾವ ಅಳತೆಗೆ ಆ ಮೂಗಿಗೆ ನಾವು ಅನ್ನವಾಗುತ್ತೇವೆ, ಅದು ಅವರು ನಮ್ಮನ್ನು ತಿಂದಾಗಲೇ ತಿಳಿಯಬೇಕು.

ನಾದಿನಿ ಬಂದಳು. ಸ್ಟೂಲನ್ನು ಒರೆಸದೆ ಎಳೆದುಕೊಂಡು ಕೂತಳು. ಸೂಜಿ ಕೊಡಿ ಅಂದಳು, ಹಿಡಿಯುವುದು ಹೇಗೆಂದು ಕೇಳಿದಳು. ಮೇಲೆ ತುದಿಮಹಡಿಯಲ್ಲಿ ಏನೋ ಹೊರಳಿತು, ಚಾವಣಿಯಿಂದ ಪುಡಿ ಉದುರಿ ಬಟ್ಟೆಯ ಮೇಲೆ ಬಿತ್ತು. ನಾನು ಅದನ್ನು ಕೊಡವಿ, ಡಬ್ಬಿ ತೆಗೆದೆ. ಕಪ್ಪು ದಾರ ಇಷ್ಟು ಕೋಟಿಗೆ ಸಾಲದು, ಕೆಂಪೇ ಗತಿ ಅಂದೆ.

ಈ ಸಲ ಅವಳೇ ಕೆಂಪು ಉಂಡೆಯನ್ನು ಎತ್ತಿಕೊಂಡಳು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಸೂಜಿಗೆ ಪೋಣಿಸತೊಡಗಿದಳು.